ಅತಿಥಿಗಳಿರುವ ಸಭೆಗೆ ಮೈಕ್, ಪ್ರೊಜೆಕ್ಟರ್ ಜೋಡಿಸುವುದು ಹೇಗೆ? ಮೊದಲಿಂದ ಕೊನೆತನಕ

ಮಂಗಳೂರು–ಉಡುಪಿ ಕಡೆಯ ಸಂಘಗಳ ಸಭೆಗಳಲ್ಲಿ ಒಂದೇ ತರಹದ ಎಡವಟ್ಟು ಮತ್ತೆ ಮತ್ತೆ ಆಗುತ್ತದೆ. ಪ್ರಾರ್ಥನೆ ಆಯಿತು, ದೀಪ ಬೆಳಗಿ ಆಯಿತು, ಅತಿಥಿ ಲ್ಯಾಪ್‌ಟಾಪ್ ತೆರೆದರು. ಪರದೆ ಮಾತ್ರ ನೀಲಿ. ಕಮಿಟಿಯವರು ಒಬ್ಬೊಬ್ಬರಾಗಿ ವೇದಿಕೆ ಹತ್ತಿ ತಲೆಗೊಂದು ಸಲಹೆ ಕೊಡುತ್ತಾರೆ. ಸೌಂಡ್‌ನವರು ಚಾ ಕುಡಿಯಲು ಹೋಗಿರುತ್ತಾರೆ.

ಇಂಥ ಕಡೆ ಸಾಮಾನು ಹೆಚ್ಚಾಗಿ ಸರಿಯೇ ಇರುತ್ತದೆ, ಜೋಡಿಸಿದ ಕ್ರಮ ತಪ್ಪಿರುತ್ತದೆ. ಎಲ್ಲರೂ ಮೈಕ್‌ನಿಂದ ಶುರು ಮಾಡಿ ಅತಿಥಿಯ ಲ್ಯಾಪ್‌ಟಾಪನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಶುರು ಮಾಡಬೇಕಾದ್ದು ಅತಿಥಿಯಿಂದಲೇ. ಇಲ್ಲಿ ಹೇಳಿರುವುದು 50ರಿಂದ 200 ಜನ ಕೂರುವ ಹಾಲ್, ಇಬ್ಬರು–ಮೂವರು ಭಾಷಣಕಾರರು, ಬಾಡಿಗೆ ಸೌಂಡ್, ಒಂದು ಪ್ರೊಜೆಕ್ಟರ್ ಇರುವ ಸಭೆಗೆ.

## ಹಂತ 1: ಒಂದು ವಾರ ಮೊದಲು ಅತಿಥಿಗೆ ಮೆಸೇಜ್

ಫೋನಿನಲ್ಲಿ "ಪಿಪಿಟಿ ಉಂಟಾ ಸರ್?" ಅಂತ ಕೇಳಿ ಬಿಟ್ಟರೆ ಸಾಲದು. ಬರೆದು ಕಳಿಸಿ. ಹೀಗಿದ್ದರೆ ಸಾಕು:

"ನಮಸ್ಕಾರ ಮೇಡಂ. ನೀವು ನಿಮ್ಮದೇ ಲ್ಯಾಪ್‌ಟಾಪ್ ತರುತ್ತೀರಾ, ಇಲ್ಲಿಯದ್ದು ಬಳಸುತ್ತೀರಾ? ನಿಮ್ಮದಾದರೆ ಅದರಲ್ಲಿ ಎಚ್‌ಡಿಎಂಐ ತೂತು ಇದೆಯಾ? ಸಾಧ್ಯವಾದರೆ ಆ ಬದಿಯ ಒಂದು ಫೋಟೊ ಕಳಿಸಿ. ಸ್ಲೈಡ್‌ನಲ್ಲಿ ವಿಡಿಯೊ, ಧ್ವನಿ ಏನಾದರೂ ಇದೆಯಾ? ನಿಂತಲ್ಲೇ ಮಾತಾಡುತ್ತೀರಾ, ಓಡಾಡುತ್ತಾ ಮಾತಾಡುತ್ತೀರಾ? ಹಿಂದಿನ ದಿನ ಸಂಜೆಯೊಳಗೆ ಫೈಲ್ ಸಿಕ್ಕರೆ ನಾವು ಇಲ್ಲಿ ಹಾಕಿ ನೋಡಿ ಇಡುತ್ತೇವೆ."

ಫೋಟೊ ಕೇಳುವುದಕ್ಕೆ ಕಾರಣ ಇದೆ. ಈಗಿನ ಕೆಲವು ತೆಳು ಲ್ಯಾಪ್‌ಟಾಪ್‌ಗಳಲ್ಲಿ ಯುಎಸ್‌ಬಿ–ಸಿ ಬಿಟ್ಟರೆ ಬೇರೆ ತೂತೇ ಇರುವುದಿಲ್ಲ. ಎಲ್ಲ ಯುಎಸ್‌ಬಿ–ಸಿ ತೂತುಗಳೂ ಚಿತ್ರ ಹೊರಗೆ ಕೊಡುವುದಿಲ್ಲ, ಕೆಲವು ಬರೀ ಚಾರ್ಜ್ ಮತ್ತು ಡೇಟಾಕ್ಕೆ. ಅಂಥದ್ದಕ್ಕೆ ಸಾಮಾನ್ಯ ಅಡಾಪ್ಟರ್ ತಂದು ಚುಚ್ಚಿದರೆ ಏನೂ ಬರುವುದಿಲ್ಲ. ಅದು ಒಂದು ವಾರ ಮೊದಲೇ ಗೊತ್ತಾದರೆ ನಮ್ಮ ಲ್ಯಾಪ್‌ಟಾಪ್ ಇಟ್ಟುಕೊಂಡರಾಯಿತು.

ಹಿಂದಿನ ದಿನವೇ ಫೈಲ್ ಬೇಕು ಅಂತ ಹಟ ಹಿಡಿಯಲು ಇನ್ನೊಂದು ಕಾರಣ ಕನ್ನಡ ಅಕ್ಷರ. ನುಡಿ, ಬರಹದ ಹಳೆಯ, ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಮಾಡಿದ ಸ್ಲೈಡನ್ನು ಬೇರೆ ಲ್ಯಾಪ್‌ಟಾಪ್‌ನಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ನಿವೃತ್ತ ಅಧ್ಯಾಪಕರು, ಯಕ್ಷಗಾನ ಅಥವಾ ಸ್ಥಳೀಯ ಇತಿಹಾಸದ ಬಗ್ಗೆ ಮಾತಾಡುವವರು ವರ್ಷಗಳ ಹಿಂದೆ ಮಾಡಿಟ್ಟ ಸ್ಲೈಡ್‌ಗಳಲ್ಲಿ ಇದು ಜಾಸ್ತಿ. ಅವರ ಕಂಪ್ಯೂಟರ್‌ನಲ್ಲೇ ಅದನ್ನು ಪಿಡಿಎಫ್ ಮಾಡಿ ಕಳಿಸಲು ಹೇಳಿ, ಅಕ್ಷರ ಕೆಡುವುದಿಲ್ಲ. ವಿಡಿಯೊಗಳನ್ನು ಬೇರೆ ಫೈಲ್ ಆಗಿ ಕೇಳಿ. "ಯೂಟ್ಯೂಬ್ ಲಿಂಕ್ ಇದೆ, ಅಲ್ಲೇ ತೆರೆಯೋಣ" ಅಂದರೆ ಒಪ್ಪಬೇಡಿ. ಹಾಲ್‌ನ ನೆಟ್ ನಂಬಿ ಕೂತರೆ ಗುಂಡಗೆ ತಿರುಗುವ ಚಕ್ರವನ್ನೇ ಸಭಿಕರಿಗೆ ತೋರಿಸಬೇಕಾದೀತು.

ಅತಿಥಿ ಮಂಗಳೂರಿನಿಂದ ಉಡುಪಿಗೆ ಬರುವವರಾದರೆ ಸುಮಾರು 60 ಕಿ.ಮೀ. ಹೆದ್ದಾರಿ ದಾಟಿ ಬರಬೇಕು. ಅರ್ಧ ಗಂಟೆ ಮೊದಲು ತಲುಪುತ್ತೇನೆ ಅಂದವರು ಸ್ವಾಗತ ಭಾಷಣದ ನಡುವೆ ಬರುವುದುಂಟು. ಫೈಲ್ ನಮ್ಮ ಕೈಯಲ್ಲಿದ್ದರೆ ಅದೇನೂ ದೊಡ್ಡ ವಿಷಯವಲ್ಲ.

## ಹಂತ 2: ಹಾಲ್ ನೋಡಿ ಬನ್ನಿ, ಅದೂ ಸಭೆಯ ಹೊತ್ತಿಗೇ

ಸಭೆ ಸಂಜೆ ನಾಲ್ಕಕ್ಕಿದ್ದರೆ ಸಂಜೆ ನಾಲ್ಕಕ್ಕೇ ಹೋಗಿ. ಪಶ್ಚಿಮದ ಕಿಟಕಿಯಿಂದ ಬಿಸಿಲು ಪರದೆಗೆ ಹೊಡೆಯುತ್ತದೋ ಇಲ್ಲವೋ ಬೆಳಿಗ್ಗೆ ಹೋದರೆ ಗೊತ್ತಾಗುವುದಿಲ್ಲ.

ಅಲ್ಲಿ ನೋಡಬೇಕಾದ್ದು: ಪ್ಲಗ್ ಪಾಯಿಂಟ್ ಎಲ್ಲೆಲ್ಲಿ, ಅವು ಕೆಲಸ ಮಾಡುತ್ತವಾ, ಜನರೇಟರ್ ಇದ್ದರೆ ಯಾವ ಪಾಯಿಂಟ್‌ಗಳಿಗೆ ಅದರ ಸಂಪರ್ಕ ಇದೆ, ಫ್ಯಾನ್ ಸದ್ದು ಎಷ್ಟು, ಹಾಲ್‌ನದ್ದೇ ಸೌಂಡ್ ಇದ್ದರೆ ಆ ಕಪಾಟಿನ ಕೀ ಯಾರ ಹತ್ತಿರ. ಕೊನೆಯದ್ದು ಸಣ್ಣ ವಿಷಯ ಅನ್ನಿಸಬಹುದು. ಭಾನುವಾರ ಬೆಳಿಗ್ಗೆ ಕೀ ಇರುವವರು ಮದುವೆಗೆ ಹೋಗಿದ್ದಾರೆ ಅಂತ ಗೊತ್ತಾದಾಗ ಅದು ಎಷ್ಟು ದೊಡ್ಡದು ಅಂತ ತಿಳಿಯುತ್ತದೆ.

ಹಾಲ್ ಮಧ್ಯೆ ನಿಂತು ಜೋರಾಗಿ ಒಂದು ಚಪ್ಪಾಳೆ ತಟ್ಟಿ. ಸದ್ದು ಹಿಂದೆಯೇ ಎಳೆದುಕೊಂಡು ಹೋದರೆ ಆ ಹಾಲ್‌ನಲ್ಲಿ ವಾಲ್ಯೂಮ್ ಜಾಸ್ತಿ ಮಾಡಿದಷ್ಟೂ ಮಾತು ಅಸ್ಪಷ್ಟ. ಟೈಲ್ಸ್ ನೆಲ, ಬರಿ ಗೋಡೆಯ ಹಾಲ್‌ಗಳೆಲ್ಲ ಹೀಗೇ.

ಜೂನ್‌ನಿಂದ ಸೆಪ್ಟೆಂಬರ್ ಮಧ್ಯೆ ಸಭೆಯಾದರೆ ಮಾಡು ಯಾವುದರದ್ದು ಅಂತ ನೋಡಿ. ತಗಡು ಶೀಟ್ ಮೇಲೆ ನಮ್ಮ ಕರಾವಳಿಯ ಮಳೆ ಬಿದ್ದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಎದುರಿನ ಎರಡು ಸ್ಪೀಕರ್ ಬಾಕ್ಸ್‌ಗಳ ಸದ್ದನ್ನೇ ಏರಿಸುತ್ತಾ ಹೋಗುವುದು ಅದಕ್ಕೆ ಮದ್ದಲ್ಲ. ಹಾಲ್‌ನ ನಡುಭಾಗದ ಎರಡೂ ಬದಿಗೆ ಇನ್ನೆರಡು ಸಣ್ಣ ಬಾಕ್ಸ್ ಇಡಿಸಿ, ಎಲ್ಲವನ್ನೂ ಮಧ್ಯಮ ಸದ್ದಿನಲ್ಲಿಡಿ. ಸೌಂಡ್‌ನವರಿಗೆ ಇದನ್ನು ಮೊದಲೇ ಹೇಳಿದರೆ ಮಾತ್ರ ವಯರ್ ಉದ್ದ ತರುತ್ತಾರೆ.

ಬಯಲಿನಲ್ಲಿ ಸಭೆಯಾದರೆ ಧ್ವನಿವರ್ಧಕಕ್ಕೆ ಅನುಮತಿ ಬೇಕು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಳಸುವಂತಿಲ್ಲ ಅನ್ನುವುದು 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಲ್ಲೇ ಇದೆ.

## ಹಂತ 3: ಸಾಮಾನಿನ ಪಟ್ಟಿ

ಬಾಡಿಗೆಯವರಿಗೆ "ಒಂದು ಸೌಂಡ್ ಸೆಟ್" ಅಂತ ಹೇಳಬೇಡಿ. ಎಣಿಸಿ ಹೇಳಿ.

- ಪೋಡಿಯಂಗೆ ಒಂದು ಮೈಕ್, ಮೇಜಿಗೆ ಒಂದು, ಪ್ರಶ್ನೋತ್ತರಕ್ಕೆ ಎರಡು ಕಾರ್ಡ್‌ಲೆಸ್
- ಓಡಾಡುವ ಅತಿಥಿಗೆ ಒಂದು ಕಾಲರ್ ಮೈಕ್
- ಇವೆಲ್ಲ ಕೈಕೊಟ್ಟರೆ ಅಂತ ಉದ್ದ ವಯರ್ ಇರುವ ಒಂದು ಮೈಕ್
- ಮಿಕ್ಸರ್ (ಎಲ್ಲ ಮೈಕ್‌ಗಳ ಸದ್ದನ್ನು ಒಟ್ಟು ಸೇರಿಸಿ ಹೊಂದಿಸುವ ಯಂತ್ರ), ಲ್ಯಾಪ್‌ಟಾಪ್‌ನಿಂದ ಮಿಕ್ಸರ್‌ಗೆ ಹೋಗುವ ಆಡಿಯೊ ವಯರ್
- ಎಚ್‌ಡಿಎಂಐ ಕೇಬಲ್ ಎರಡು, ಯುಎಸ್‌ಬಿ–ಸಿ ಅಡಾಪ್ಟರ್, ಪ್ರೊಜೆಕ್ಟರ್ ಹಳೆಯದಾದರೆ ವಿಜಿಎ ಅಡಾಪ್ಟರ್
- ಅರ್ಥಿಂಗ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್, 16 ಆಂಪ್ ಪಿನ್‌ನಿಂದ 6 ಆಂಪ್‌ಗೆ ಕನ್ವರ್ಟರ್
- ಹೊಸ ಎಎ ಬ್ಯಾಟರಿ, ಬಟ್ಟೆಯ ಟೇಪ್, ಸಣ್ಣ ಟಾರ್ಚ್, ಸ್ಲೈಡ್ ಬದಲಿಸುವ ರಿಮೋಟ್

ಎಚ್‌ಡಿಎಂಐ ಕೇಬಲ್ ಉದ್ದದ ಬಗ್ಗೆ ಒಂದು ಮಾತು. ಸಾಧಾರಣ ತಾಮ್ರದ ಕೇಬಲ್ 10 ಮೀಟರ್ ದಾಟಿದರೆ ಚಿತ್ರ ಮಿಟುಕಲು ಶುರುವಾಗಬಹುದು, ಕೆಲವೊಮ್ಮೆ ಬರುವುದೇ ಇಲ್ಲ. ಅದಕ್ಕಿಂತ ದೂರಕ್ಕೆ ಫೈಬರ್ ಎಚ್‌ಡಿಎಂಐ ಬೇಕು. ಫೈಬರ್‌ನದ್ದಕ್ಕೆ ದಿಕ್ಕು ಇರುತ್ತದೆ: ಒಂದು ತುದಿ ಲ್ಯಾಪ್‌ಟಾಪ್‌ಗೆ, ಇನ್ನೊಂದು ಪ್ರೊಜೆಕ್ಟರ್‌ಗೆ ಅಂತ ಪಿನ್ ಮೇಲೆಯೇ ಬರೆದಿರುತ್ತದೆ. ಉಲ್ಟಾ ಎಳೆದು, ನೆಲಕ್ಕೆಲ್ಲ ಟೇಪ್ ಹಚ್ಚಿ ಆದಮೇಲೆ ಗೊತ್ತಾದರೆ ಪೂರ್ತಿ ಬಿಚ್ಚಬೇಕು.

## ಹಂತ 4: ಕರೆಂಟ್ ಮೊದಲು

ಸಭೆಯ ದಿನ ಕನಿಷ್ಠ ಮೂರು ಗಂಟೆ ಮೊದಲು ಕೆಲಸ ಶುರುವಾಗಲಿ. ಮೊದಲು ಕರೆಂಟ್, ಆಮೇಲೆ ಪರದೆ, ಆಮೇಲೆ ಸೌಂಡ್, ಆಮೇಲೆ ಲ್ಯಾಪ್‌ಟಾಪ್. ಕುರ್ಚಿ ಹಾಕುವುದು ವಯರ್ ಎಳೆದ ನಂತರವೇ.

ಮಿಕ್ಸರ್, ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಮೂರನ್ನೂ ಸಾಧ್ಯವಾದಷ್ಟು ಒಂದೇ ಕಡೆಯ ಪಾಯಿಂಟ್‌ನಿಂದ ಕೊಡಿ. ಬೇರೆ ಬೇರೆ ಗೋಡೆಯ ಪಾಯಿಂಟ್‌ಗಳಿಂದ ಕೊಟ್ಟರೆ ಬಾಕ್ಸ್‌ನಲ್ಲಿ "ಗುಂಯ್" ಅನ್ನುವ ಸದ್ದು ಬರುವ ಸಾಧ್ಯತೆ ಜಾಸ್ತಿ.

ಮೆಸ್ಕಾಂ ಕರೆಂಟ್ ಹೋಗಿ ಜನರೇಟರ್ ಶುರುವಾಗುವ ನಡುವಿನ ಅರ್ಧ ನಿಮಿಷವೇ ಅಪಾಯದ ಹೊತ್ತು. ಪ್ರೊಜೆಕ್ಟರ್, ಮಿಕ್ಸರ್‌ಗೆ ಒಂದು ಯುಪಿಎಸ್ ಕೊಡಿ. ಲ್ಯಾಂಪ್ ಇರುವ ಪ್ರೊಜೆಕ್ಟರ್ ಒಮ್ಮೆಲೇ ಆರಿದರೆ ತಣ್ಣಗಾಗುವವರೆಗೆ ಮತ್ತೆ ಹತ್ತದೇ ಇರಬಹುದು. ಅಷ್ಟು ಹೊತ್ತು ಅತಿಥಿ ಸುಮ್ನೆ ನಿಂತಿರಬೇಕು. ದೊಡ್ಡ ಆಂಪ್ಲಿಫೈಯರನ್ನು ಮಾತ್ರ ಸಣ್ಣ ಯುಪಿಎಸ್‌ಗೆ ಹಾಕಬೇಡಿ, ತಡೆಯುವುದಿಲ್ಲ.

ಏಪ್ರಿಲ್–ಮೇ ಸಂಜೆ, ಮತ್ತೆ ಅಕ್ಟೋಬರ್‌ನಲ್ಲಿ ಗುಡುಗು ಹತ್ತಿರವಾದರೆ ಹೊರಗಿನ ಬಾಕ್ಸ್‌ಗಳ ವಯರ್ ತೆಗೆಯಲೇಬೇಕು. ಕಾರ್ಯಕ್ರಮ ಕಾಯುತ್ತದೆ, ಸಿಡಿಲು ಕಾಯುವುದಿಲ್ಲ.

ದೀಪದ ಕಂಬ ಇಡುವ ಜಾಗ ಈಗಲೇ ಗುರುತು ಮಾಡಿ. ಎಣ್ಣೆ ಚೆಲ್ಲುವ ಜಾಗದಲ್ಲಿ ವಯರ್ ಹಾದುಹೋಗಬಾರದು. ದೀಪ ಆರಬಾರದು ಅಂತ ಯಾರೋ ಫ್ಯಾನ್ ಆಫ್ ಮಾಡಲು ಓಡುತ್ತಾರೆ, ಅದೇ ಬೋರ್ಡ್‌ನಲ್ಲಿರುವ ಮಿಕ್ಸರ್‌ನ ಸ್ವಿಚ್ಚನ್ನೂ ಒತ್ತಿಬಿಡುತ್ತಾರೆ. ಮುಟ್ಟಬಾರದ ಸ್ವಿಚ್ ಮೇಲೆ ಟೇಪ್ ಅಂಟಿಸಿ.

## ಹಂತ 5: ಪರದೆ, ಪ್ರೊಜೆಕ್ಟರ್

ಪರದೆಯ ಕೆಳ ಅಂಚು ನೆಲದಿಂದ 4 ಅಡಿಯಾದರೂ ಮೇಲಿರಲಿ, ಇಲ್ಲದಿದ್ದರೆ ಹಿಂದಿನವರಿಗೆ ಎದುರಿನವರ ತಲೆಯೇ ಕಾಣುವುದು. ಪರದೆಯ ಎತ್ತರದ 6 ಪಟ್ಟು ದೂರದವರೆಗೆ ಸ್ಲೈಡ್ ಆರಾಮವಾಗಿ ಓದಬಹುದು ಅನ್ನುವುದು ಒಂದು ಲೆಕ್ಕ. 8 ಅಡಿ ಅಗಲದ ಪರದೆಗೆ ಎತ್ತರ ನಾಲ್ಕೂವರೆ ಅಡಿ. ಅಂದರೆ 27 ಅಡಿ. ಹಾಲ್ ಅದಕ್ಕಿಂತ ಉದ್ದವಾದರೆ ದೊಡ್ಡ ಪರದೆ ಬೇಕು, ಅಥವಾ ಹಿಂದಿನ ಸಾಲುಗಳಿಗೆ ಒಂದು ಟಿವಿ.

ಪ್ರೊಜೆಕ್ಟರ್ ಎಷ್ಟು ದೂರ ಇಡಬೇಕು ಅನ್ನುವುದಕ್ಕೆ ಅದರ ಥ್ರೋ ರೇಶಿಯೊ ನೋಡಿ, ಅಂದರೆ ದೂರ ಚಿತ್ರದ ಅಗಲದ ಎಷ್ಟು ಪಟ್ಟು ಅನ್ನುವ ಲೆಕ್ಕ. 1.5 ಅಂತಿದ್ದರೆ 8 ಅಡಿ ಅಗಲದ ಚಿತ್ರಕ್ಕೆ 12 ಅಡಿ ದೂರ. ಲೈಟ್ ಉರಿಯುತ್ತಿರುವ ಹಾಲ್‌ಗೆ 3,500–4,000 ಲ್ಯೂಮೆನ್ (ಪ್ರೊಜೆಕ್ಟರ್‌ನ ಬೆಳಕಿನ ಅಳತೆ) ಆದರೂ ಬೇಕು. ಪರದೆಯ ಮೇಲೇ ಬೀಳುವ ಟ್ಯೂಬ್‌ಲೈಟ್ ಯಾವುದು ಅಂತ ಹುಡುಕಿ ಅದೊಂದನ್ನು ಆರಿಸಿದರೆ ಅರ್ಧ ಸಮಸ್ಯೆ ಮುಗಿಯಿತು. ಪೂರ್ತಿ ಕತ್ತಲೆ ಮಾಡಿದರೆ ಊಟದ ನಂತರದ ಗೋಷ್ಠಿಯಲ್ಲಿ ಏನಾಗುತ್ತದೆ ಗೊತ್ತಲ್ವಾ?

## ಹಂತ 6: ಸೌಂಡ್

ಹೆಚ್ಚು ಸಮಯ ಕೊಡಬೇಕಾದ್ದು ಇಲ್ಲಿ. ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ. ಮಾತು ಕೇಳದಿದ್ದರೆ ಎದ್ದು ಹೋಗುತ್ತಾರೆ.

ಜಾಗ. ಬಾಕ್ಸ್‌ಗಳು ಯಾವತ್ತೂ ಮೈಕ್‌ಗಳಿಗಿಂತ ಮುಂದೆ, ಸಭಿಕರ ಕಡೆ ಮುಖ ಮಾಡಿ ಇರಬೇಕು. ಜನರ ತಲೆಯ ಮೇಲಿಂದ ಸದ್ದು ಹೋಗುವಷ್ಟು ಎತ್ತರದ ಸ್ಟ್ಯಾಂಡ್ ಹಾಕಿಸಿ. ವೇದಿಕೆಯ ಹಿಂದಿನ ಬ್ಯಾನರ್ ಪಕ್ಕ ಬಾಕ್ಸ್ ಇಟ್ಟು ಮೈಕ್ "ಕೂಯ್" ಅನ್ನುತ್ತದೆ ಅಂತ ದೂರುವುದು ನ್ಯಾಯವಲ್ಲ.

ಆನ್ ಮಾಡುವ ಕ್ರಮ. ಮೊದಲು ಮಿಕ್ಸರ್, ಕೊನೆಗೆ ಆಂಪ್ಲಿಫೈಯರ್ ಅಥವಾ ಬಾಕ್ಸ್. ಆಫ್ ಮಾಡುವಾಗ ಉಲ್ಟಾ. ತಪ್ಪಿದರೆ ಬರುವ "ಧಡ್" ಸದ್ದು ಬಾಕ್ಸ್‌ಗೂ ಕೆಟ್ಟದು, ಎದುರು ಕೂತ ಹಿರಿಯರಿಗೂ.

ಮಟ್ಟ ಹಾಕುವುದು. "ಹಲೋ, ಹಲೋ, ಮೈಕ್ ಟೆಸ್ಟಿಂಗ್" ಅನ್ನುವುದು ಪರೀಕ್ಷೆಯಲ್ಲ. ಒಬ್ಬರು ಪೋಡಿಯಂನಲ್ಲಿ ನಿಂತು ಸಹಜ ಸ್ವರದಲ್ಲಿ ಪತ್ರಿಕೆಯ ಒಂದು ಸುದ್ದಿ ಪೂರ್ತಿ ಓದಲಿ. ಮಿಕ್ಸರ್‌ನಲ್ಲಿ ಮೇಲೆ ಕೆಳಗೆ ಸರಿಯುವ ಹಿಡಿ, ಅಂದರೆ ಫೇಡರ್, ಸೊನ್ನೆಯ ಗೆರೆಯಲ್ಲಿರಲಿ. ಮೈಕ್‌ನಿಂದ ಮಿಕ್ಸರ್‌ಗೆ ಎಷ್ಟು ಸದ್ದು ಬರಬೇಕು ಅಂತ ಹೊಂದಿಸುವ ಗೇನ್ ಗುಬ್ಬಿಯನ್ನು (ತಿರುಗಿಸುವ ಬಿರಡೆ) ನಿಧಾನಕ್ಕೆ ಏರಿಸಿ. ಜೋರಾಗಿ ಮಾತಾಡಿದಾಗ ಕೆಂಪು ದೀಪ ಹತ್ತಿದರೆ ಸ್ವಲ್ಪ ಇಳಿಸಿ. ಲೋ–ಕಟ್ ಬಟನ್ ಇದ್ದರೆ ಎಲ್ಲ ಮೈಕ್‌ಗೂ ಒತ್ತಿ. ಫ್ಯಾನ್ ಗಾಳಿ, ಪೋಡಿಯಂ ಕುಟ್ಟುವ ಸದ್ದು ಕಡಿಮೆಯಾಗುತ್ತದೆ. ಇನ್ನೊಬ್ಬರು ಕೊನೆಯ ಸಾಲಿನಲ್ಲಿ ಕೂತು ಕೇಳಲಿ. ಮಿಕ್ಸರ್ ಹತ್ತಿರ ಕೇಳಿದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಾಲ್ ಖಾಲಿ ಇರುವಾಗ ಪ್ರತಿಧ್ವನಿ ಜಾಸ್ತಿ. ಜನ ತುಂಬಿದ ಮೇಲೆ ಅದು ಇಳಿಯುತ್ತದೆ, ಆಗ ಸದ್ದು ಸ್ವಲ್ಪ ಏರಿಸಬೇಕು. ಆ ಸ್ವಲ್ಪಕ್ಕೆ ಜಾಗ ಇಟ್ಟುಕೊಳ್ಳಿ.

ಕೂಗುವ ಮೈಕ್. ತೆರೆದ ಮೈಕ್‌ಗಳ ಸಂಖ್ಯೆ ಎರಡು ಪಟ್ಟಾದಾಗಲೆಲ್ಲ ಕೂಗದೆ ಏರಿಸಬಹುದಾದ ಸದ್ದು ಸುಮಾರು 3 ಡೆಸಿಬೆಲ್ ಕಡಿಮೆಯಾಗುತ್ತದೆ. ಆದ್ದರಿಂದ ಮಾತಾಡುವವರ ಮೈಕ್ ಬಿಟ್ಟು ಉಳಿದದ್ದೆಲ್ಲ ಮ್ಯೂಟ್. ಕೂಗಿದ ಕೂಡಲೇ ಮೈಕ್‌ನ ಜಾಲರಿಯನ್ನು ಕೈಯಿಂದ ಮುಚ್ಚುವ ಅಭ್ಯಾಸ ಹಲವರಿಗೆ ಉಂಟು. ಹಾಗೆ ಮುಚ್ಚಿದರೆ ಕೂಗು ಜೋರಾಗುತ್ತದೆ, ನಿಲ್ಲುವುದಿಲ್ಲ. ಮೈಕ್ ಬಾಯಿಯ ಹತ್ತಿರ ತಂದು ವಾಲ್ಯೂಮ್ ಇಳಿಸುವುದೇ ದಾರಿ.

ಕಾಲರ್ ಮೈಕ್. ಗಲ್ಲದಿಂದ ಒಂದು ಗೇಣು ಕೆಳಗೆ. ಸೀರೆಯ ಸೆರಗು, ಸರ ತಾಗದ ಕಡೆ ಸಿಕ್ಕಿಸಿ. ಎಲ್ಲಕ್ಕಿಂತ ದೊಡ್ಡ ಕಾಟ ಸನ್ಮಾನದ್ದು. ಶಾಲು ಹೊದಿಸುವಾಗ, ಹಾರ ಹಾಕುವಾಗ ಮೈಕ್ ಉಜ್ಜಿ ಹಾಲ್ ತುಂಬ ಗುಡುಗು ಕೇಳುತ್ತದೆ. ಸನ್ಮಾನ ಮುಗಿದು ಶಾಲು ತೆಗೆದಿಟ್ಟ ಮೇಲೆ ಮೈಕ್ ಹಾಕುವುದು ಒಳ್ಳೆಯದು. ಮೊದಲೇ ಹಾಕಿದ್ದರೆ ಆ ಹೊತ್ತಿಗೆ ಮ್ಯೂಟ್.

ಕಾರ್ಡ್‌ಲೆಸ್. ರಿಸೀವರ್ ವೇದಿಕೆಯ ಪಕ್ಕ, ಕಣ್ಣಿಗೆ ಕಾಣುವ ಜಾಗದಲ್ಲಿರಲಿ. ಕಬ್ಬಿಣದ ಕಪಾಟಿನೊಳಗಲ್ಲ. ಬೆಳಿಗ್ಗೆ ಖಾಲಿ ಹಾಲ್‌ನಲ್ಲಿ ಚೆನ್ನಾಗಿದ್ದ ಮೈಕ್ ಜನ ಬಂದ ಮೇಲೆ ಕಡಿದು ಕಡಿದು ಬಂದರೆ ಅದು 2.4 ಗಿಗಾಹರ್ಟ್ಸ್‌ನದ್ದು ಇರಬಹುದು. ನೂರಾರು ಫೋನ್‌ಗಳ ವೈಫೈ, ಬ್ಲೂಟೂತ್ ಕೂಡ ಅದೇ ದಾರಿಯಲ್ಲಿ ಓಡಾಡುತ್ತವೆ. ಬಾಡಿಗೆಗೆ ಕೇಳುವಾಗಲೇ ಬೇರೆ ತರಂಗದಲ್ಲಿ ಕೆಲಸ ಮಾಡುವ ಯುಎಚ್‌ಎಫ್ ಮೈಕ್ ಕೇಳಿ. ಎಲ್ಲ ಮೈಕನ್ನೂ ಒಟ್ಟಿಗೆ ಆನ್ ಮಾಡಿ ನೋಡಿ, ಎರಡು ಒಂದೇ ಚಾನೆಲ್‌ನಲ್ಲಿದ್ದರೆ ಆಗಲೇ ಸಿಕ್ಕಿಬೀಳುತ್ತವೆ.

## ಹಂತ 7: ಲ್ಯಾಪ್‌ಟಾಪ್

ಕೇಬಲ್ ಚುಚ್ಚಿ, ವಿಂಡೋಸ್ ಕೀ ಜತೆಗೆ ಪಿ ಒತ್ತಿ. ಡುಪ್ಲಿಕೇಟ್ ಅಂದರೆ ಎರಡೂ ಕಡೆ ಒಂದೇ ಚಿತ್ರ. ಎಕ್ಸ್‌ಟೆಂಡ್ ಅಂದರೆ ಬೇರೆ ಬೇರೆ. ಅತಿಥಿಗೆ ತಮ್ಮ ಟಿಪ್ಪಣಿ ಕಾಣಬೇಕು ಅಂದರೆ ಎಕ್ಸ್‌ಟೆಂಡ್, ಗಲಿಬಿಲಿ ಬೇಡ ಅಂದರೆ ಡುಪ್ಲಿಕೇಟ್. ಯಾವುದು ಬೇಕೆಂದು ಅವರನ್ನೇ ಕೇಳಿ.

ಇಲ್ಲಿ ಎರಡು ಗುಂಡಿಗಳಿವೆ, ಬೀಳದವರು ಕಡಿಮೆ.

ಒಂದು, ಎಚ್‌ಡಿಎಂಐ ಚುಚ್ಚಿದ ಕೂಡಲೇ ಲ್ಯಾಪ್‌ಟಾಪ್‌ನ ಧ್ವನಿಯೂ ಪ್ರೊಜೆಕ್ಟರ್‌ಗೆ ಹೋಗಿಬಿಡುತ್ತದೆ. ವಿಡಿಯೊ ಓಡುತ್ತದೆ, ಬಾಕ್ಸ್‌ನಲ್ಲಿ ಸದ್ದಿಲ್ಲ. ಮೂಲೆಯ ಸ್ಪೀಕರ್ ಗುರುತು ಒತ್ತಿ ಹೆಡ್‌ಫೋನ್ ಅಂತ ಬದಲಿಸಿ.

ಎರಡು, ವಾದ್ಯ ಕೇಳುತ್ತದೆ, ಸ್ವರ ಮಾತ್ರ ಮಾಯ! ಹಿನ್ನೆಲೆಯ ಚೆಂಡೆ ಸ್ವಲ್ಪ ಕೇಳಿದರೂ ಭಾಗವತರ ಸ್ವರ ಎಲ್ಲೋ ಬಾವಿಯೊಳಗಿಂದ ಬಂದ ಹಾಗೆ. ಲ್ಯಾಪ್‌ಟಾಪ್‌ನ ಸ್ಟೀರಿಯೊ ಧ್ವನಿಯನ್ನು ತಪ್ಪು ವಯರ್‌ನಲ್ಲಿ ಮಿಕ್ಸರ್‌ನ ಒಂದೇ ಮೈಕ್ ತೂತಿಗೆ ಕೊಟ್ಟರೆ ಎಡ–ಬಲ ಎರಡರಲ್ಲೂ ಸಮನಾಗಿರುವ ಸ್ವರ ಒಂದನ್ನೊಂದು ಅಳಿಸಿಹಾಕುತ್ತದೆ. ಸಣ್ಣ ಪಿನ್‌ನಿಂದ ಎರಡು ದಪ್ಪ ಮೋನೊ ಪಿನ್ ಕವಲೊಡೆಯುವ ವಯರ್ ತಂದು ಮಿಕ್ಸರ್‌ನ ಎರಡು ಲೈನ್ ತೂತಿಗೆ ಕೊಡಿ, ಸರಿಯಾಗುತ್ತದೆ.

ಗುಂಯ್ ಸದ್ದು ಬಂದರೆ ಲ್ಯಾಪ್‌ಟಾಪ್‌ನ ಚಾರ್ಜರ್ ಒಮ್ಮೆ ಕಿತ್ತು ನೋಡಿ. ನಿಂತರೆ ಕಾರಣ ಅರ್ಥಿಂಗ್ ಸುತ್ತು, ಅಂದರೆ ಲ್ಯಾಪ್‌ಟಾಪ್, ಮಿಕ್ಸರ್ ಎರಡು ದಾರಿಯಲ್ಲಿ ಅರ್ಥಿಂಗ್‌ಗೆ ಸೇರಿರುವುದು. ಎರಡರ ನಡುವೆ ಆ ಸುತ್ತು ಕಡಿಯುವ ಡಿಐ ಬಾಕ್ಸ್ ಅನ್ನುವ ಸಣ್ಣ ಪೆಟ್ಟಿಗೆ ಹಾಕಬಹುದು, ಅದಿಲ್ಲದಿದ್ದರೆ ಭಾಷಣ ಮುಗಿಯುವವರೆಗೆ ಬ್ಯಾಟರಿಯಲ್ಲೇ ನಡೆಸಿ. ಮೂರು ಪಿನ್‌ನ ಅರ್ಥಿಂಗ್ ಪಿನ್ ಮುರಿದು ಸದ್ದು ನಿಲ್ಲಿಸುವ ಬುದ್ಧಿವಂತಿಕೆ ಬೇಡವೇ ಬೇಡ. ಮೈಕ್ ಹಿಡಿದವರಿಗೆ ಶಾಕ್ ಹೊಡೆಯುವುದು ಹಾಗೆಯೇ.

ಕೊನೆಗೆ ಸ್ಲೀಪ್, ಸ್ಕ್ರೀನ್‌ಸೇವರ್, ನೋಟಿಫಿಕೇಶನ್ ಆಫ್ ಮಾಡಿ. ವಾಟ್ಸಾಪ್ ವೆಬ್‌ನಿಂದ ಲಾಗೌಟ್. ಎಲ್ಲ ಅತಿಥಿಗಳ ಫೈಲ್‌ಗಳನ್ನು ಡೆಸ್ಕ್‌ಟಾಪ್‌ನ ಒಂದೇ ಫೋಲ್ಡರ್‌ನಲ್ಲಿ ಕಾರ್ಯಕ್ರಮದ ಕ್ರಮದಲ್ಲೇ ಇಡಿ. ಪೆನ್‌ಡ್ರೈವ್‌ನಲ್ಲಿ ಇನ್ನೊಂದು ಪ್ರತಿ.

## ಹಂತ 8: ಒಬ್ಬ ಅತಿಥಿ ಆನ್‌ಲೈನ್ ಇದ್ದರೆ

ಮುಖ್ಯ ನಿಯಮ ಒಂದೇ. ದೂರದ ಅತಿಥಿಯ ಸ್ವರ ಹಾಲ್‌ಗೆ ಬರಬೇಕು, ಅದೇ ಸ್ವರ ತಿರುಗಿ ಅವರಿಗೆ ಹೋಗಬಾರದು. ಹೋದರೆ ಅವರಿಗೆ ತಮ್ಮದೇ ಮಾತು ಸ್ವಲ್ಪ ತಡವಾಗಿ ಕೇಳಿ ಮಾತಾಡಲಿಕ್ಕೇ ಆಗುವುದಿಲ್ಲ.

ಮಿಕ್ಸರ್‌ನ ಆಕ್ಸ್ ಔಟ್‌ನಿಂದ (ಹಾಲ್‌ನ ಬಾಕ್ಸ್‌ಗಳಿಗೆ ಹೋಗುವುದನ್ನು ಬಿಟ್ಟು ಬೇರೆಯಾಗಿ ಸದ್ದು ಹೊರಗೆ ಕೊಡುವ ತೂತು) ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಸದ್ದನ್ನು ಯುಎಸ್‌ಬಿಗೆ ಬದಲಿಸುವ ಸಣ್ಣ ಪೆಟ್ಟಿಗೆ) ಮೂಲಕ ಲ್ಯಾಪ್‌ಟಾಪ್‌ಗೆ ಕೊಡಿ. ಮೈಕ್‌ಗಳ ಆಕ್ಸ್ ಗುಬ್ಬಿ ಏರಿಸಿ, ಲ್ಯಾಪ್‌ಟಾಪ್ ಬಂದಿರುವ ಚಾನೆಲ್‌ನ ಆಕ್ಸ್ ಗುಬ್ಬಿ ಸೊನ್ನೆಗೆ ಇಳಿಸಿ. ಇಷ್ಟೇ. ಸೌಂಡ್‌ನವರಿಗೆ "ಜೂಮ್ ಚಾನೆಲ್‌ನ ಆಕ್ಸ್ ಸೊನ್ನೆ" ಅಂತ ಹೇಳಿದರೆ ಅರ್ಥವಾಗುತ್ತದೆ. ಹಾಲ್‌ನಲ್ಲಿ ಇನ್ಯಾರಾದರೂ ಫೋನಿನಿಂದ ಅದೇ ಮೀಟಿಂಗ್ ಸೇರಿದ್ದರೆ ಅವರ ಮೈಕ್ ಮತ್ತು ಸ್ಪೀಕರ್ ಎರಡೂ ಆಫ್ ಆಗಿರಬೇಕು.

ಹಾಲ್‌ನ ವೈಫೈ ಜತೆಗೆ ಬೇರೆ ಕಂಪನಿಯ ಸಿಮ್ ಇರುವ ಒಂದು ಫೋನಿನ ಹಾಟ್‌ಸ್ಪಾಟ್ ತಯಾರಿರಲಿ. ಅತಿಥಿ ಒಪ್ಪಿದರೆ ಹತ್ತು ನಿಮಿಷದ ರೆಕಾರ್ಡ್ ಮಾಡಿದ ಭಾಷಣವನ್ನೂ ತರಿಸಿಟ್ಟುಕೊಳ್ಳಿ.

## ಹಂತ 9: ಒಂದು ಗಂಟೆ ಮೊದಲು ಪೂರ್ತಿ ಓಡಿಸಿ ನೋಡಿ

ಕಾರ್ಯಕ್ರಮ ಪಟ್ಟಿ ಹಿಡಿದು ಪ್ರಾರ್ಥನೆಯಿಂದ ರಾಷ್ಟ್ರಗೀತೆಯವರೆಗೆ ಯಾರು ಯಾವ ಮೈಕ್, ಯಾವ ಫೈಲ್ ಅಂತ ಬರೆಯಿರಿ. ಒಂದು ಪ್ರತಿ ನಿರೂಪಕಿಗೆ, ಒಂದು ಸೌಂಡ್‌ನವರಿಗೆ, ಒಂದು ಲ್ಯಾಪ್‌ಟಾಪ್‌ನವರಿಗೆ. ಪ್ರತಿ ವಿಡಿಯೊವನ್ನೂ ಸದ್ದಿನ ಸಮೇತ ಹಾಕಿ ನೋಡಿ. ನಂತರ ಜನರೇಟರ್‌ಗೆ ಬದಲಿಸಿ ಒಮ್ಮೆ ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಕರೆಂಟ್ ಹೋದಾಗ ಮಾತ್ರ ಜನರೇಟರ್‌ಗೆ ಡೀಸೆಲ್ ಇಲ್ಲ ಅಂತ ಗೊತ್ತಾಗುತ್ತದೆ.

ಅತಿಥಿ ಬಂದ ಕೂಡಲೇ ಕಾಫಿಗೆ ಕರೆದೊಯ್ಯುವ ಮೊದಲು ಐದು ನಿಮಿಷ ಪೋಡಿಯಂಗೆ ಕರೆಯಿರಿ. ರಿಮೋಟ್ ಕೈಗೆ ಕೊಟ್ಟು, ಅವರ ಎತ್ತರಕ್ಕೆ ಮೈಕ್ ಬಗ್ಗಿಸಿ, ಎರಡು ವಾಕ್ಯ ಮಾತಾಡಿಸಿ. ಪೋಡಿಯಂ ಎದುರಿನ ಹೂಗುಚ್ಛ ಮೈಕ್‌ಗೆ ಅಡ್ಡ ಬರುತ್ತಿದ್ದರೆ ಈಗಲೇ ಸರಿಸಿ.

## ಹಂತ 10: ಸಭೆ ನಡೆಯುವಾಗ

ಮಿಕ್ಸರ್ ಹತ್ತಿರ ಒಬ್ಬರು, ಲ್ಯಾಪ್‌ಟಾಪ್ ಹತ್ತಿರ ಒಬ್ಬರು ಜಾಗ ಬಿಡುವಂತಿಲ್ಲ. ತೊಂದರೆ ಬರುವ ಮೊದಲೇ ಸೂಚನೆ ಕೊಡುತ್ತದೆ. ಮಾತಿನ ಕೊನೆಗೆ ಸಣ್ಣ ಗಂಟೆಯಂಥ ನಾದ ಉಳಿದರೆ ಮೈಕ್ ಇನ್ನೇನು ಕೂಗುತ್ತದೆ, ಸ್ವಲ್ಪ ಇಳಿಸಿ. ಕಾರ್ಡ್‌ಲೆಸ್‌ನ ಸ್ವರ ನಡುನಡುವೆ ತುಂಡಾದರೆ ಬ್ಯಾಟರಿ ಅಥವಾ ಸಿಗ್ನಲ್. ವಯರ್ ಮೈಕ್ ತಯಾರು ಮಾಡಿ. ಪರದೆ ಕ್ಷಣ ಕಪ್ಪಾಗಿ ಮರಳಿದರೆ ಕೇಬಲ್ ಸಡಿಲ. ಹಿಂದಿನ ಸಾಲಿನವರು ಕಿವಿಗೆ ಕೈ ಹಿಡಿದರೆ ಏನು ಅಂತ ಹೇಳಬೇಕಾಗಿಲ್ಲ.

ಪ್ರಶ್ನೋತ್ತರದಲ್ಲಿ ಮೈಕ್ ಕೈಯಿಂದ ಕೈಗೆ ಬಿಡಬೇಡಿ. ಇಬ್ಬರು ಸ್ವಯಂಸೇವಕರು ಹಿಡಿದುಕೊಂಡೇ ಪ್ರಶ್ನೆ ಕೇಳುವವರ ಬಾಯಿ ಹತ್ತಿರ ಒಯ್ಯಲಿ. ಸದ್ದೂ ಸರಿ ಬರುತ್ತದೆ, ಪ್ರಶ್ನೆ ಭಾಷಣವಾಗುವುದೂ ತಪ್ಪುತ್ತದೆ.

## ಹಂತ 11: ಬಿಚ್ಚುವಾಗ

ಮೊದಲು ಆಂಪ್ಲಿಫೈಯರ್ ಆಫ್, ಆಮೇಲೆ ಉಳಿದದ್ದು. ಪ್ರೊಜೆಕ್ಟರನ್ನು ರಿಮೋಟ್‌ನಿಂದ ಆಫ್ ಮಾಡಿ, ಅದರ ಫ್ಯಾನ್ ನಿಂತ ಮೇಲೆ ಪ್ಲಗ್ ತೆಗೆಯಿರಿ. ಕೇಬಲನ್ನು ಮೊಣಕೈಗೆ ಬಿಗಿಯಾಗಿ ಸುತ್ತಬೇಡಿ, ಒಳಗಿನ ತಂತಿ ಮುರಿಯುತ್ತದೆ. ಸಡಿಲ ಸುರುಳಿ ಮಾಡಿ ಕಟ್ಟಿ. ಕಾರ್ಡ್‌ಲೆಸ್ ಮೈಕ್‌ಗಳಿಂದ ಬ್ಯಾಟರಿ ತೆಗೆದಿಡಿ. ಸಂಘದ್ದೇ ಸಾಮಾನಾದರೆ ಪಿನ್‌ಗಳನ್ನು ಒಣ ಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮುಚ್ಚಳದ ಡಬ್ಬದಲ್ಲಿಡಿ. ನಮ್ಮ ಉಪ್ಪು ಗಾಳಿಗೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಪಿನ್ ಹಸಿರು ಹಿಡಿಯುತ್ತದೆ. ಕೆಟ್ಟ ಕೇಬಲ್ ಸಿಕ್ಕರೆ ಆಗಲೇ ಕೆಂಪು ಟೇಪ್ ಸುತ್ತಿ ಬೇರೆ ಇಡಿ. ಮತ್ತೆ ಡಬ್ಬಕ್ಕೇ ಹಾಕಿದರೆ ಮುಂದಿನ ಸಭೆಗೆ ಮೊದಲು ಕೈಗೆ ಸಿಗುವುದು ಅದೇ.